ಬಾಗಿಲಿನ ಬಣ್ಣ ಕೀಳುವ ಮುನ್ನ

ಪುಟ್ಟಾ, ಹಳೆಯ ಮನೆಯ ತೇಗದ ಬಾಗಿಲುಗಳ ಎನಾಮೆಲ್ ಬಣ್ಣವನ್ನೆಲ್ಲ ಕಿತ್ತು, ಮರದ ಗೆರೆ ಕಾಣುವ ಹಾಗೆ ಪಾಲಿಶ್ ಮಾಡಿಸಲು ನೀವಿಬ್ಬರೂ ಹೊರಟಿದ್ದೀರಿ ಎಂದು ನಿನ್ನಮ್ಮ ಹೇಳಿದಳು. ಒಳ್ಳೆಯದೇ. ಆ ಬಾಗಿಲಿಗೆ ಹಬ್ಬಕ್ಕೊಂದು ಸಲ, ಮದುವೆಗೊಂದು ಸಲ ಎಂದು ಬಳಿದ ಬಣ್ಣ ಎಷ್ಟು ಪದರ ಕೂತಿದೆಯೋ ದೇವರಿಗೇ ಗೊತ್ತು. ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್ ವಾಸನೆಗೇ ತಲೆ ಸುತ್ತುತ್ತದೆ, ಅದು ಬೇಡ, 'ಇಕೋ ಫ್ರೆಂಡ್ಲಿ' ಎಂದು ಬರೆದ ಡಬ್ಬ ತರಿಸುತ್ತೇವೆ ಎಂದಿರಂತೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದ ಅತ್ತೆಗೆ ಇಂಥ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಡಬ್ಬಕ್ಕೆ ದುಡ್ಡು ಕೊಡುವ ಮೊದಲು ಸ್ವಲ್ಪ ಕೇಳು.

ಆ ವಾಸನೆಯ ಡಬ್ಬವನ್ನು ಬೇಡವೆಂದದ್ದು ಸರಿ. ಯಾಕೆ ಸರಿ ಎನ್ನುವುದೂ ನಿನಗೆ ತಿಳಿದಿರಬೇಕು, ಇಲ್ಲದಿದ್ದರೆ ಕೆಲಸ ತಡವಾದ ದಿನ ಪೇಂಟರ್ ಅದನ್ನೇ ತಂದು ಮೂಲೆಯಲ್ಲಿ ಇಟ್ಟುಕೊಂಡಿರುತ್ತಾನೆ, ನೀನು ಹೂಂ ಎಂದುಬಿಡುತ್ತೀಯ. ಇಂಥ ಡಬ್ಬಗಳ ಒಳಗಿರುವ ಮುಖ್ಯ ಸರಕು ಸಾಮಾನ್ಯವಾಗಿ ಮೀಥೈಲೀನ್ ಕ್ಲೋರೈಡ್. ಡೈಕ್ಲೋರೋಮೀಥೇನ್ ಎಂದರೂ ಅದೇ, ನಮ್ಮ ಕೆಮಿಕಲ್ ವ್ಯಾಪಾರಿಗಳು ಎಂಡಿಸಿ ಎನ್ನುವುದೂ ಅದನ್ನೇ. ಕೆಲಸದಲ್ಲಿ ಅದನ್ನು ಮೀರಿಸಿದ್ದು ಇಲ್ಲವೆಂದೇ ಹೇಳಬೇಕು. ಅದರ ಅಣು ತೀರ ಚಿಕ್ಕದು. ಒಣಗಿ ಗಟ್ಟಿಯಾದ ಬಣ್ಣದೊಳಕ್ಕೆ ನುಸುಳಿ ಪದರವನ್ನು ಉಬ್ಬಿಸುತ್ತದೆ. ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಬಣ್ಣ ಸುಕ್ಕುಗಟ್ಟಿ ಮೇಲೇಳುತ್ತದೆ. ಎನಾಮೆಲ್ ಇರಲಿ, ಎಪಾಕ್ಸಿ ಇರಲಿ, ಅದಕ್ಕೆ ಭೇದವಿಲ್ಲ.

ತೊಂದರೆ ಬರುವುದೂ ಅದೇ ಗುಣದಿಂದ. ಅದು ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೆರಳಿನಲ್ಲೇ ಅಷ್ಟು ಬಿಸಿ ಇರುತ್ತದೆ. ಆವಿ ಗಾಳಿಗಿಂತ ಭಾರವಾದ್ದರಿಂದ ಕಿಟಕಿಯಿಂದ ಹೊರಗೆ ಹೋಗುವ ಬದಲು ನೆಲದ ಮಟ್ಟದಲ್ಲಿ, ಕೂತು ಕೆಲಸ ಮಾಡುವವನ ಮೂಗಿನ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಉಸಿರಿನೊಂದಿಗೆ ಒಳಹೋದದ್ದರಲ್ಲಿ ಒಂದು ಪಾಲು ದೇಹದೊಳಗೇ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದರೆ ಮೊದಲು ಸೋಲುವುದು ಹೃದಯ. 1976ರಲ್ಲಿ ಸ್ಟುವರ್ಟ್ ಮತ್ತು ಹೇಕ್ ಎಂಬ ಇಬ್ಬರು ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಒಂದು ಪ್ರಕರಣ ಬರೆದರು. ನಿವೃತ್ತರೊಬ್ಬರು ಮನೆಯ ನೆಲಮಾಳಿಗೆಯಲ್ಲಿ ಪೀಠೋಪಕರಣದ ಬಣ್ಣ ಕೀಳುತ್ತ ಕೂತಿದ್ದಾಗ ಹೃದಯಾಘಾತವಾಯಿತು. ಗುಣವಾಗಿ ಬಂದು ಮತ್ತೆ ಅದೇ ಕೆಲಸಕ್ಕೆ ಕೂತರು, ಮತ್ತೆ ಹಾಗೇ ಆಯಿತು. ಮೂರನೆಯ ಸಲ ಅವರು ಉಳಿಯಲಿಲ್ಲ. ನಿನ್ನಪ್ಪನಿಗೆ ಸ್ಟೆಂಟ್ ಹಾಕಿದೆ. ಮೇಲ್ವಿಚಾರಣೆಗೆಂದು ಪೇಂಟರ್ ಪಕ್ಕದಲ್ಲೇ ಕುರ್ಚಿ ಹಾಕಿ ಕೂರುವ ಜಾತಿ ಅವನು. ಇದನ್ನು ಅವನಿಗೂ ಓದಿ ಹೇಳು.

ಅಮೆರಿಕದಲ್ಲಿ ಮುಚ್ಚಿದ ಬಚ್ಚಲುಮನೆಗಳಲ್ಲಿ ಸ್ನಾನದ ತೊಟ್ಟಿಯ ಹಳೆಯ ಲೇಪ ಕೀಳುತ್ತ, ತೊಟ್ಟಿಯೊಳಕ್ಕೆ ಬಗ್ಗಿದವರು ಬಗ್ಗಿದಲ್ಲೇ ಸತ್ತದ್ದುಂಟು. 2000ದಿಂದ 2011ರ ನಡುವೆ ಹಾಗೆ ಸತ್ತವರು 13 ಮಂದಿ ಎಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಲೆಕ್ಕ ಕೊಟ್ಟಿತು. ಯುರೋಪ್ ಒಕ್ಕೂಟ 2009ರಲ್ಲೇ ನಿರ್ಧಾರ ಮಾಡಿ 2012ರ ಹೊತ್ತಿಗೆ ಇದನ್ನು ಬಣ್ಣ ಕೀಳುವ ಕೆಲಸದಿಂದ ಹೆಚ್ಚುಕಡಿಮೆ ಹೊರಗೆ ಹಾಕಿತು. ಅಮೆರಿಕ 2019ರಲ್ಲಿ ಮನೆಬಳಕೆಯ ರಿಮೂವರ್‌ಗಳಿಂದ ತೆಗೆಸಿತು, 2024ರಲ್ಲಿ ನಿಷೇಧವನ್ನು ಇನ್ನಷ್ಟು ಕೆಲಸಗಳಿಗೆ ಹಬ್ಬಿಸಿತು. ನಮ್ಮ ಅಂಗಡಿಗಳಲ್ಲಿ ಮಾತ್ರ ಸಲೀಸಾಗಿ ಸಿಗುತ್ತದೆ. ಮೂಗಿಗೆ ಬಟ್ಟೆಯ ಮಾಸ್ಕ್ ಕಟ್ಟಿಕೊಂಡರೆ ಈ ಆವಿ ನಿಲ್ಲುವುದಿಲ್ಲ, ಆವಿ ಹೀರುವ ಸಾಮಾನ್ಯ ಕಾರ್ಟ್ರಿಜ್ ಕೂಡ ಬೇಗನೆ ಕೈಕೊಡುತ್ತದೆ, ತೆಳು ರಬ್ಬರ್ ಗ್ಲೌಸನ್ನು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಈ ಅಧ್ಯಾಯ ಇಲ್ಲಿಗೆ ಮುಗಿಯಿತು.

ಈಗ ಹಸಿರು ಎಲೆಯ ಚಿತ್ರವಿರುವ ಡಬ್ಬಗಳಿಗೆ ಬಾ. ಇವು ಒಂದೇ ಬಗೆಯವಲ್ಲ ಮಾರಾಯ. ಎಲೆಯ ಚಿತ್ರ ಒಂದೇ, ಒಳಗಿನ ದ್ರವ ಬೇರೆ ಬೇರೆ, ಅಪಾಯವೂ ಬೇರೆ ಬೇರೆ. ಹಿಂದೊಮ್ಮೆ 'ಸುರಕ್ಷಿತ ಬದಲಿ' ಎಂದು ಎಲ್ಲರೂ ಹೊಗಳಿದ್ದು ಎನ್‌ಎಂಪಿ ಎಂಬುದನ್ನು, ಪೂರ್ತಿ ಹೆಸರು ಎನ್-ಮೀಥೈಲ್ ಪಿರೊಲಿಡೋನ್. ವಾಸನೆ ಕಡಿಮೆ, ಬೇಗ ಆವಿಯಾಗುವುದಿಲ್ಲ, ಮಣ್ಣಿನಲ್ಲಿ ಕೊಳೆತು ಹೋಗುತ್ತದೆ. ಮೆಚ್ಚಲು ಇಷ್ಟು ಸಾಲದೇ? ಆದರೆ ಅದು ಚರ್ಮದ ಮೂಲಕವೇ ಸಲೀಸಾಗಿ ರಕ್ತಕ್ಕೆ ಇಳಿಯುತ್ತದೆ, ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡುವ ಸಾಮಗ್ರಿ ಎಂದು ಯುರೋಪ್ ಅದನ್ನು ವರ್ಗೀಕರಿಸಿದೆ. ಸೋಯಾ ಎಂದು ಮುಖದ ಮೇಲೆ ಬರೆದ ಡಬ್ಬಗಳಲ್ಲೂ ಇದನ್ನು ಬೆರೆಸಿ ಮಾರಿದ್ದುಂಟು. ಆದ್ದರಿಂದ ಮುಂಭಾಗ ಓದಬೇಡ, ತಯಾರಕರಿಂದ ಎಸ್‌ಡಿಎಸ್ ಎಂಬ ಸುರಕ್ಷತಾ ವಿವರದ ಹಾಳೆ ಕೇಳಿ ತರಿಸು. ಅದರಲ್ಲಿ ಪ್ರತಿ ರಾಸಾಯನಿಕಕ್ಕೂ ಒಂದು ಸಿಎಎಸ್ ಸಂಖ್ಯೆ ಇರುತ್ತದೆ. ಹೆಸರನ್ನು ಹತ್ತು ವಿಧದಲ್ಲಿ ಬರೆಯಬಹುದು, ಸಂಖ್ಯೆ ಬದಲಾಗದು. 75-09-2 ಕಂಡರೆ ಮೀಥೈಲೀನ್ ಕ್ಲೋರೈಡ್, 872-50-4 ಕಂಡರೆ ಎನ್‌ಎಂಪಿ. ಎರಡರಲ್ಲಿ ಯಾವುದಿದ್ದರೂ ಡಬ್ಬ ವಾಪಸು. ಹಾಳೆ ಕೊಡಲು ಹಿಂದೆಮುಂದೆ ನೋಡುವ ಕಂಪನಿಯ ಮಾಲೂ ಬೇಡ.

ಮೀಥೈಲೀನ್ ಕ್ಲೋರೈಡ್ ಇಲ್ಲ ಎಂದು ದೊಡ್ಡದಾಗಿ ಅಚ್ಚು ಹಾಕಿ, ಒಳಗೆ ಅಸಿಟೋನ್, ಟಾಲೀನ್, ಮೆಥನಾಲ್ ತುಂಬಿದವೂ ಇವೆ. ಕೆಲಸ ತಕ್ಕಮಟ್ಟಿಗೆ ಬೇಗ ಆಗುತ್ತದೆ. ಆದರೆ ಪಕ್ಕದ ಕೋಣೆಯಲ್ಲಿ ಫ್ರಿಜ್‌ನ ಸ್ವಿಚ್ಚು ಕಿಡಿ ಹಾರಿಸಿದರೂ ಹೊತ್ತಿಕೊಳ್ಳುವ ಮಾಲು ಅದು. ದೇವರ ಮನೆಯಲ್ಲಿ ದೀಪ ಉರಿಯುವ ಮನೆಯೊಳಗೆ ಅದು ಬರಲೇಬಾರದು.

ಕಿತ್ತಳೆ ಸಿಪ್ಪೆಯ ಎಣ್ಣೆಯದು ನಿನ್ನ ಹೆಂಡತಿಗೆ ಇಷ್ಟವಾಗಿದೆಯಂತೆ. ಹಣ್ಣಿನ ರಸದ ಕಾರ್ಖಾನೆಗಳ ಸಿಪ್ಪೆಯಿಂದ ತೆಗೆಯುವ ಲಿಮೋನೀನ್ ಅದು. ಪರಿಮಳ ಚೆನ್ನಾಗಿದೆ, ಮೂಲವೂ ಹಣ್ಣು. ಆದರೆ ಸುಮಾರು 48 ಡಿಗ್ರಿಗೆ ಅದರ ಆವಿ ಬೆಂಕಿ ಹಿಡಿಯುವಷ್ಟಾಗುತ್ತದೆ. ಡಬ್ಬ ತೆರೆದಿಟ್ಟು ಗಾಳಿ ತಾಗಿದರೆ ಆಕ್ಸಿಜನ್ ಜೊತೆ ಸೇರಿ ಚರ್ಮಕ್ಕೆ ಅಲರ್ಜಿ ಹತ್ತಿಸುವ ವಸ್ತುಗಳಾಗುತ್ತವೆ. ಒಮ್ಮೆ ಹತ್ತಿದ ಅಲರ್ಜಿ ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ, ಆಮೇಲೆ ಪಾತ್ರೆ ತೊಳೆಯುವ ಸೋಪಿನ ಪರಿಮಳಕ್ಕೂ ಕೈ ತುರಿಸಬಹುದು. ನೀರಿನಲ್ಲಿರುವ ಜೀವಿಗಳಿಗೆ ಇದು ವಿಷ ಎಂಬ ಎಚ್ಚರಿಕೆ ಅದರ ಸುರಕ್ಷತಾ ಹಾಳೆಯಲ್ಲೇ ಇರುತ್ತದೆ. ನಿಮ್ಮ ತೋಟದ ಕೆರೆಗೆ ಇಳಿದುಹೋಗುವ ಕಾಲುವೆಯ ಪಕ್ಕ ಕೂತು ಇದನ್ನು ಬಳಸಿ ಪರಿಸರ ಉಳಿಸಿದೆ ಎಂದುಕೊಳ್ಳುವುದು ತಮಾಷೆಯೇ ಸರಿ. ಬಣ್ಣ ಕೀಳುವುದರಲ್ಲೂ ಅದು ಅಷ್ಟೇನೂ ಗಟ್ಟಿಯಲ್ಲ. ಒಂದೆರಡು ಪದರ ಮೆತ್ತಗಾದರೆ ಹೆಚ್ಚು.

ಸೋಯಾ ಎಣ್ಣೆಯಿಂದ ಮಾಡಿದ ಜೆಲ್, ಎನ್‌ಎಂಪಿ ಬೆರೆಸದೆ ಇದ್ದರೆ, ಇವುಗಳಲ್ಲಿ ಅತ್ಯಂತ ಸಾಧು. ಹತ್ತಿರ ಹತ್ತಿರ ವಾಸನೆಯೇ ಇಲ್ಲ, ಬೆಂಕಿ ಹತ್ತುವುದೂ ಕಷ್ಟ. ನೀರುದೋಸೆಯಷ್ಟು ತೆಳ್ಳಗೆ ಬಳಿದರೆ ನಡೆಯದು, ಉದ್ದಿನ ದೋಸೆಯ ದಪ್ಪ ಬೇಕು. ಮೇಲೆ ಪಾಲಿಥೀನ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಡಬೇಕು, ಪದರ ಜಾಸ್ತಿ ಇದ್ದರೆ ಒಂದು ಇಡೀ ದಿನ. ಆಮೇಲೂ ಒಂದು ಕೆಲಸ ಉಳಿಯುತ್ತದೆ: ಮರದ ರಂಧ್ರಗಳಲ್ಲಿ ಎಣ್ಣೆಯ ಅಂಶ ಕೂತಿರುತ್ತದೆ. ಅದನ್ನು ಡಿಟರ್ಜೆಂಟ್ ನೀರಿನಿಂದಲೋ ಟರ್ಪೆಂಟೈನ್ ಬಟ್ಟೆಯಿಂದಲೋ ಚೆನ್ನಾಗಿ ಒರೆಸಿ ತೆಗೆಯದಿದ್ದರೆ ಹೊಸ ಪಾಲಿಶ್ ಹಿಡಿಯುವುದಿಲ್ಲ, ಮಚ್ಚೆ ಮಚ್ಚೆಯಾಗುತ್ತದೆ. ಸೋಯಾ ಜೆಲ್ ಸರಿಯಿಲ್ಲ ಎಂದು ಬೈಯುವವರು ಹೆಚ್ಚಾಗಿ ಈ ಒರೆಸುವ ಕೆಲಸವನ್ನು ಬಿಟ್ಟವರು.

ನನ್ನ ಒಲವು ಬೆಂಝೈಲ್ ಆಲ್ಕೋಹಾಲ್ ಇರುವ ಜೆಲ್‌ಗಳ ಕಡೆಗೆ. ಸಿಎಎಸ್ ಸಂಖ್ಯೆ 100-51-6. ಮಲ್ಲಿಗೆ ಹೂವಿನ ಎಣ್ಣೆಯಲ್ಲೂ ಸ್ವಲ್ಪ ಇರುವ ವಸ್ತು ಇದು. ಹಾಗೆಂದು ನಿರುಪದ್ರವಿ ಎಂದುಕೊಳ್ಳಬೇಡ. ಸುಮಾರು ನಲವತ್ತು ವರ್ಷದ ಹಿಂದೆ, ಇದನ್ನು ಕೆಡದಂತೆ ಕಾಯಲು ಬೆರೆಸಿದ್ದ ದ್ರಾವಣಗಳಿಂದ ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸುಗಳು ಸತ್ತ ಕಥೆ ವೈದ್ಯಕೀಯ ಚರಿತ್ರೆಯಲ್ಲಿದೆ. ದೊಡ್ಡವರ ವಿಷಯದಲ್ಲಿ ಇದರ ಅನುಕೂಲ ಏನೆಂದರೆ, ಇದು ಕುದಿಯುವುದು 205 ಡಿಗ್ರಿಗೆ. ಆದ್ದರಿಂದ ಗಾಳಿಗೆ ಏಳುವ ಆವಿ ತೀರ ಕಡಿಮೆ. ಮೀಥೈಲೀನ್ ಕ್ಲೋರೈಡ್‌ನಂತೆ ಕೂತಲ್ಲೇ ಪ್ರಜ್ಞೆ ತಪ್ಪಿಸುವುದಿಲ್ಲ. ಕಣ್ಣಿಗೆ ಬಿದ್ದರೆ ಚೆನ್ನಾಗಿ ಉರಿಯುತ್ತದೆ, ಕನ್ನಡಕ ಹಾಕಿಕೋ. ಬ್ಯುಟೈಲ್ ರಬ್ಬರ್ ಗ್ಲೌಸ್ ಸಿಕ್ಕರೆ ಉತ್ತಮ, ತೆಳು ನೈಟ್ರೈಲ್ ಆದರೆ ಆಗಾಗ ಬದಲಿಸು. ಕೆಲವು ಕಂಪನಿಗಳು ಚುರುಕಾಗಲೆಂದು ಇದಕ್ಕೆ ಫಾರ್ಮಿಕ್ ಆಮ್ಲ ಬೆರೆಸುತ್ತವೆ, ಅದು ಚರ್ಮ ಸುಡುತ್ತದೆ. ಹಾಳೆ ಓದಿದರೆ ತಿಳಿಯುತ್ತದೆ. ಕೆಲಸದ ವೇಗದಲ್ಲಿ ಸೋಯಾ ಮತ್ತು ಮೀಥೈಲೀನ್ ಕ್ಲೋರೈಡ್‌ಗಳ ನಡುವೆ ನಿಲ್ಲುತ್ತದೆ. ಬೆಳಿಗ್ಗೆ ತಿಂಡಿಗೆ ಮೊದಲು ಬಳಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕೆರೆಯಬಹುದು. ಹಳೆಯ ಎನಾಮೆಲ್‌ಗೆ ಎರಡು ಸಲ ಬಳಿದರೆ ಬಹುಪಾಲು ಬಂದುಬಿಡುತ್ತದೆ.

ನೈಲಾನ್ ಕಾರ್ಖಾನೆಗಳ ಉಪ ಉತ್ಪನ್ನದಿಂದ ಮಾಡುವ ಡೈಬೇಸಿಕ್ ಎಸ್ಟರ್‌ಗಳ ಪೇಸ್ಟ್ ಸಿಕ್ಕರೆ ಅದೂ ಪರವಾಗಿಲ್ಲ, ಸೋಯಾದಷ್ಟೇ ನಿಧಾನ. ಹತ್ತಿರದಿಂದ ಬಹಳ ಹೊತ್ತು ಬಳಸಿದವರಿಗೆ ಕಣ್ಣು ಮಂಜಾದದ್ದುಂಟು. ಬಯಲಿನಲ್ಲಿ ಮಾಡು.

ಇನ್ನು ನಿಮ್ಮೂರ ಹಳೆಯ ಪೇಂಟರ್ ಹೇಳುವ ಅಗ್ಗದ ಉಪಾಯ, ಕಾಸ್ಟಿಕ್ ಸೋಡ. ಸುಣ್ಣಕ್ಕೆ ವಾಷಿಂಗ್ ಸೋಡ ಕಲಸಿ ಬಳಿಯುವುದೂ ಅದೇ ವಿದ್ಯೆ. ಎರಡೂ ಸೇರಿದರೆ ಆಗುವುದು ಕಾಸ್ಟಿಕ್ಕೇ. ಆವಿ ಇಲ್ಲ, ದ್ರಾವಕವಿಲ್ಲ, ಆದ್ದರಿಂದ ಇದನ್ನೂ ಪರಿಸರಸ್ನೇಹಿ ಎಂದು ಮಾರುವವರಿದ್ದಾರೆ. ಎಣ್ಣೆ ಬಣ್ಣವನ್ನು ಅದು ಸಾಬೂನಾಗಿಸಿ ಇಳಿಸುತ್ತದೆ, ನಿಜ. ಜೊತೆಗೆ ತೇಗದೊಳಗಿನ ಟ್ಯಾನಿನ್ ಜೊತೆ ಸೇರಿ ಮರವನ್ನು ಕಪ್ಪಾಗಿಸುತ್ತದೆ, ನಾರನ್ನು ಸಡಿಲಿಸುತ್ತದೆ. ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಅಲ್ಯೂಮಿನಿಯಂ ಚಿಲಕಕ್ಕೆ ತಾಗಿದರೆ ಹೈಡ್ರೋಜನ್ ಏಳುತ್ತದೆ. ಕಬ್ಬಿಣದ ಗೇಟಿಗೆ ಬೇಕಾದರೆ ಯೋಚಿಸೋಣ, ತೇಗದ ಬಾಗಿಲಿಗೆ ಬೇಡ.

ಇಷ್ಟೆಲ್ಲ ದ್ರವದ ಮಾತಾಯಿತು. ನನಗೆ ನಿಜವಾಗಿ ಹೆದರಿಕೆ ಇರುವುದು ದ್ರವಕ್ಕಿಂತ ಅದು ಮೇಲೆಬ್ಬಿಸುವ ಬಣ್ಣದ ಬಗ್ಗೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಿಂದೆ ಬಳಿದ ಎನಾಮೆಲ್‌ನಲ್ಲಿ ಸೀಸ ಇದೆ ಎಂದೇ ಭಾವಿಸಿ ಕೆಲಸಕ್ಕೆ ಇಳಿಯಬೇಕು. ಹಳದಿ, ಹಸಿರು ಬಣ್ಣಗಳಿಗೆ ಸೀಸದ ಕ್ರೋಮೇಟ್ ಬೆರೆಸುತ್ತಿದ್ದರು. ಕಿಟಕಿಯ ಕಂಬಿಗೆ ಹಚ್ಚುತ್ತಿದ್ದ ಕೇಸರಿಗೆಂಪು ಪ್ರೈಮರ್‌ನಲ್ಲಿ, ಮರಕ್ಕೆ ಮೊದಲು ಹಚ್ಚುತ್ತಿದ್ದ ಗುಲಾಬಿ ಪ್ರೈಮರ್‌ನಲ್ಲಿ ಸೀಸವೇ ಮುಖ್ಯ ಸರಕು. ಹೊಸ್ತಿಲನ್ನು ನೆನಪಿಸಿಕೋ. ದಿನಾ ಅರಿಸಿನ ಹಚ್ಚುವುದು ತಪ್ಪಲಿ ಎಂದು ಹಳದಿ ಎಣ್ಣೆ ಬಣ್ಣ ಬಳಿದು, ಮೇಲೆ ಕೆಂಪಿನಲ್ಲಿ ರಂಗೋಲಿ ಬಿಡಿಸುವುದು ನಮ್ಮ ಕಡೆ ಎಷ್ಟೊಂದು ಮನೆಗಳಲ್ಲಿ ಇದೆ! ತೆವಳುವ ಕೂಸು ಕೈಯೂರಿ ದಾಟುವುದು ಆ ಹೊಸ್ತಿಲನ್ನೇ, ಆಮೇಲೆ ಆ ಕೈ ಹೋಗುವುದು ಬಾಯಿಗೆ.

ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಚಿಂತೆಯಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೆದುಳು ಬೆಳೆಯುವ ವಯಸ್ಸಿನಲ್ಲಿ ಅದು ಬುದ್ಧಿಗೆ, ಗಮನಕ್ಕೆ ಪೆಟ್ಟು ಕೊಡುತ್ತದೆ, ಆ ಪೆಟ್ಟು ಮತ್ತೆ ಸರಿಯಾಗುವುದಿಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ಹಲವು ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ದಾಟಿತ್ತು. ಆಗ ಪೆಟ್ರೋಲಿನಲ್ಲೂ ಸೀಸವಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಆಮೇಲೆ ವರ್ಷಗಟ್ಟಲೆ ಈ ಸೀಸದ ಬೆನ್ನು ಹತ್ತಿದರು. ಪೆಟ್ರೋಲಿನಿಂದ ಸೀಸ ಹೋಯಿತು. ಹಳೆಯ ಬಾಗಿಲಿನಿಂದ ಅದು ತಾನಾಗಿ ಹೋಗುವುದಿಲ್ಲ.

ಅದಕ್ಕೇ ಗ್ರೈಂಡರ್‌ಗೆ ಉಪ್ಪುಕಾಗದದ ಚಕ್ರ ಹಾಕಿ ಒಂದೇ ದಿನದಲ್ಲಿ ಉಜ್ಜಿ ಕೊಡುತ್ತೇನೆ ಎನ್ನುವ ಪೇಂಟರ್‌ನನ್ನು ಬಾಗಿಲ ಹತ್ತಿರ ಸೇರಿಸಬೇಡ. ರಾಸಾಯನಿಕ ಇಲ್ಲ ಎಂಬ ಕಾರಣಕ್ಕೆ ಅದು ಪರಿಸರಸ್ನೇಹಿ ಎಂದು ಅನಿಸೀತು, ಆದರೆ ಹಳೆಯ ಬಣ್ಣಕ್ಕೆ ಎಲ್ಲಕ್ಕಿಂತ ಕೆಟ್ಟ ದಾರಿ ಅದು. ಏಳುವ ಪುಡಿ ಅಡುಗೆಮನೆಯ ಡಬ್ಬದಿಂದ ಹಿಡಿದು ಮಗುವಿನ ಹಾಸಿಗೆಯವರೆಗೆ ಹೋಗಿ ಕೂರುತ್ತದೆ. ಬ್ಲೋ ಲ್ಯಾಂಪ್‌ನಿಂದ ಸುಡುವುದೂ ಹಾಗೇ, ಬೆಂಕಿಯ ಬಿಸಿಗೆ ಸೀಸ ಹೊಗೆಯಾಗಿ ಶ್ವಾಸಕೋಶಕ್ಕೇ ಹೋಗುತ್ತದೆ. ಹೀಟ್ ಗನ್ ಬಳಸಲೇಬೇಕಾದರೆ ಕಡಿಮೆ ಬಿಸಿಯಲ್ಲಿ, ಬಣ್ಣ ಮೆತ್ತಗಾದರೆ ಸಾಕು, ಹೊಗೆ ಕಾಣಬಾರದು. ಅಮೆರಿಕದಲ್ಲಿ ಸೀಸದ ಬಣ್ಣದ ಮೇಲೆ 593 ಡಿಗ್ರಿ ಸೆಲ್ಸಿಯಸ್ ದಾಟುವ ಹೀಟ್ ಗನ್ ಬಳಸುವಂತಿಲ್ಲ. ಜೆಲ್‌ಗಳ ದೊಡ್ಡ ಲಾಭ ಇಲ್ಲಿದೆ: ಬಣ್ಣ ಒದ್ದೆ ಮುದ್ದೆಯಾಗಿ ಬರುತ್ತದೆ, ಪುಡಿ ಹಾರುವುದಿಲ್ಲ. ಅವು ನಿಧಾನ ಎಂದು ಗೊಣಗುವವರಿಗೆ ನಾನು ಕೊಡುವ ಉತ್ತರ ಇದೇ.

ಯಾವುದನ್ನೂ ಕೊಳ್ಳುವ ಮೊದಲು ಬಾಗಿಲಿನ ಮೇಲಿರುವುದು ಏನು ಎಂದು ನೋಡು. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಪಾಲಿಶ್‌ನವರ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಉಜ್ಜು. ಅಂಟಂಟಾದರೆ ಅದು ಅರಗಿನ ಪಾಲಿಶ್. ಅದಕ್ಕೆ ಸ್ಪಿರಿಟ್ಟೇ ಸಾಕು, ಯಾವ ಡಬ್ಬವೂ ಬೇಡ. ಸ್ಪಿರಿಟ್‌ಗೆ ಬಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್ ಇರಬಹುದು. ಎರಡಕ್ಕೂ ಬಗ್ಗದಿದ್ದರೆ ಎನಾಮೆಲ್ ಎಂದಿಟ್ಟುಕೋ. ಇತ್ತೀಚಿನ ಪಿಯು, ಅಂದರೆ ಪಾಲಿಯುರಿಥೇನ್ ಲೇಪವಾದರೆ ಈ ಹಸಿರು ಜೆಲ್‌ಗಳು ಬಹಳ ಸಲ ಸೋಲುತ್ತವೆ, ಅದನ್ನು ಬಿಟ್ಟುಬಿಡುವುದೇ ಜಾಣತನ. ಸೀಸ ಇದೆಯೇ ಎಂದು ಬಣ್ಣ ಬದಲಿಸಿ ತೋರಿಸುವ ಕಿಟ್‌ಗಳು ಸಿಗುತ್ತವೆ, ಪ್ರಯೋಗಾಲಯಕ್ಕೆ ಒಂದು ಚಕ್ಕೆ ಕಳಿಸಿದರೆ ಇನ್ನೂ ಖಚಿತ. ಚಕ್ಕೆಯಲ್ಲಿ ಮೇಲಿನಿಂದ ತಳದವರೆಗೆ ಎಲ್ಲ ಪದರವೂ ಇರಲಿ, ಸೀಸ ಇರುವುದು ಸಾಮಾನ್ಯವಾಗಿ ತಳದಲ್ಲೇ.

ಬಾಗಿಲನ್ನು ತಿರುಗಣೆಯಿಂದ ಕಳಚಿ ಅಂಗಳದ ನೆರಳಿಗೆ ತಂದು ಮಲಗಿಸು. ನಿಂತ ಬಾಗಿಲಿನ ಮೇಲೆ ಜೆಲ್ ಜಾರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ಕೈ ಹಾಕಬೇಡ, ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸು. ತಂಪಿನಲ್ಲಿ ಈ ಜೆಲ್‌ಗಳು ಇನ್ನೂ ನಿಧಾನ, ಬಿಸಿಲಲ್ಲಿ ಬಳಿದರೆ ಕೆಲಸ ಮುಗಿಯುವ ಮೊದಲೇ ಒಣಗುತ್ತವೆ. ಕೆತ್ತನೆಯ ಸಂದುಗಳಿಗೆ ಬಿದಿರ ಕಡ್ಡಿ, ನೈಲಾನ್ ಬ್ರಷ್ ಬಳಸು. ಸ್ಟೀಲ್ ವುಲ್‌ನ ಚೂರು ಒದ್ದೆ ತೇಗದಲ್ಲಿ ಉಳಿದರೆ ಕಪ್ಪು ಕಲೆ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸು. ಕೆರೆದ ಮುದ್ದೆಯನ್ನು ತೆಂಗಿನ ಬುಡಕ್ಕೆ ಸುರಿಯಬೇಡ, ಬಾವಿಯ ಕಡೆ ಅಂತೂ ಬೇಡವೇ ಬೇಡ. ಮುಚ್ಚಳವಿರುವ ಡಬ್ಬದಲ್ಲಿ ತುಂಬಿಟ್ಟು, ಮನೆಯ ಅಪಾಯಕಾರಿ ಕಸ ಎಂದು ಹೇಳಿ ಪ್ರತ್ಯೇಕವಾಗಿ ಕೊಡು. ಬಣ್ಣದ ಡಬ್ಬಗಳನ್ನು 2016ರ ಘನತ್ಯಾಜ್ಯ ನಿಯಮಗಳು ಆ ಗುಂಪಿಗೇ ಸೇರಿಸಿದ್ದವು. ಪಂಚಾಯಿತಿಯವರು ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ ಎಂದರೆ ಜಿಲ್ಲಾ ಕೇಂದ್ರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ವಿಚಾರಿಸು. ಕೆಲಸದ ಬಟ್ಟೆಯನ್ನು ಮಗುವಿನ ಬಟ್ಟೆಯೊಂದಿಗೆ ವಾಷಿಂಗ್ ಮಷಿನ್‌ಗೆ ಹಾಕಬೇಡ.

ನನ್ನನ್ನು ಕೇಳಿದರೆ ಎಲ್ಲ ಬಾಗಿಲಿನ ಬಣ್ಣವನ್ನೂ ಕೀಳಬೇಕಾಗಿಲ್ಲ. ಹೆಬ್ಬಾಗಿಲು ಮತ್ತು ದೇವರ ಮನೆಯ ಬಾಗಿಲು ಎರಡಕ್ಕೂ ಬೆಂಝೈಲ್ ಆಲ್ಕೋಹಾಲ್ ಜೆಲ್ ಬಳಸಿ ಮರ ಕಾಣಿಸು. ಬೇರೆ ಬಾಗಿಲು, ಕಿಟಕಿ, ಕಂಬಿಗಳ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಹಾಗೇ ಇರಲಿ. ನೀರು ಚಿಮುಕಿಸಿ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ, ಒರೆಸಿ, ಮೇಲೆ ಸೀಸವಿಲ್ಲದ ಹೊಸ ಬಣ್ಣ ಬಳಿದರೆ ಹಳೆಯದು ಅಡಿಯಲ್ಲೇ ಬಂದಿಯಾಗಿರುತ್ತದೆ. ಹೊಸ್ತಿಲು ಮಾತ್ರ ಕಾಲು ಸವೆಸುವ ಜಾಗ, ಅದರ ಹಳದಿಯನ್ನು ಜೆಲ್ ಹಾಕಿ ಪೂರ್ತಿ ತೆಗೆ, ಮೇಲೆ ಬರೀ ಅರಿಸಿನ ಹಚ್ಚಿದರಾಯಿತು. ಕೆಲಸ ಶುರುವಾಗುವ ಹಿಂದಿನ ದಿನ ಮಗುವನ್ನು ನನ್ನ ಮನೆಗೆ ತಂದು ಬಿಡು. ಬಾಗಿಲುಗಳು ಮತ್ತೆ ಕೂತು, ನೆಲವನ್ನು ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದ ಮೇಲೆಯೇ ಕರೆದುಕೊಂಡು ಹೋಗು.